ಖಾಲಿ ಪಾಟಿಗೆ ಬಂದ ಅಭಿನಂದನೆಗಳು

ನಮ್ಮ ಮನೆಯವರು ಮಹಾರಾಷ್ಟ್ರದ ಇಚಲಕರಂಜಿಯ ಒಂದು ಕನ್ನಡ ಶಾಲೆಯಲ್ಲಿ ಮೂರನೇ ಇಯತ್ತೆಗೆ ಪಾಠ ಹೇಳುತ್ತಾರೆ. ಕೊಲ್ಲಾಪುರದ ತರಬೇತಿಯಿಂದ ಬಂದ ದಿನ, ಇನ್ನೂ ಚಪ್ಪಲಿ ಬಿಡುವ ಮೊದಲೇ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ನಡುವೆ ಒಂದು ವೃತ್ತ, ಸುತ್ತಲೂ ಬಾಣಗಳು, ಕೆಳಗೆ ಇಂಗ್ಲಿಷಿನ ಸಾಲು.

“ನೀ ಕಾನ್ವೆಂಟಿನ್ಯಾಗ ಕಲತಾಕಿ. ಅರ್ಥ ಹೇಳು.”

“ಪರ್ಸನಲ್ ಲರ್ನಿಂಗ್ ನೆಟ್‌ವರ್ಕ್ ಅಂತ್ರಿ. ನಡುವಿನ ಗುಂಡ ಅಂದ್ರ ನೀವು. ಗೊತ್ತಿಲ್ಲದ್ದನ್ನ ಆನ್‌ಲೈನ್ ಬ್ಯಾರೆ ಮಾಸ್ತರಗೋಳಿಗೆ ಕೇಳಿ ಕಲೀಬೇಕಂತ.”

“ಕೇಳೂದು? ಮಾಸ್ತರ್ ಆಗಿ?” ಎಂದರು. ಮುಖ ಬಾಡಿತು.

ಕೇಳುವುದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡಿದರು. ಜಿಲ್ಲೆಯ ಶಿಕ್ಷಕರ ಗುಂಪು, ತಾಲೂಕಿನ ಗುಂಪು, ಗಡಿಭಾಗದ ಕನ್ನಡ ಶಿಕ್ಷಕರ ಗುಂಪು, ಎಲ್ಲಕ್ಕೂ ಸೇರಿದರು. ಬೆಳಿಗ್ಗೆ ಅವರಿಗೆ ಅಷ್ಟೂ ಗುಂಪುಗಳಿಂದ ಗುಲಾಬಿ ಹೂಗಳು ಬರುತ್ತಿದ್ದವು. ಪ್ರತಿ ಹೂವಿಗೂ ಜೋಡಿಸಿದ ಕೈ ಕಳಿಸುವಷ್ಟರಲ್ಲಿ ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಯಾರೋ ಶಾಲೆಯ ಅಂಗಳ ಗುಡಿಸಿದ ಫೋಟೋ ಹಾಕಿದರೆ “ಸ್ತುತ್ಯ ಉಪಕ್ರಮ ಸರ್” ಎಂದು ಎಲ್ಲರೂ ಬರೆಯುತ್ತಿದ್ದರು. ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಗೊತ್ತಿಲ್ಲವೆಂದಾಯಿತಲ್ಲ.

ಇವರಿಗೆ ಮಾತ್ರ ಕೇಳಲೇಬೇಕಾದ ಪ್ರಶ್ನೆಯೊಂದಿತ್ತು. ತರಗತಿಯಲ್ಲಿ ಮಗ್ಗದ ಕೆಲಸಗಾರರ ಮಗಳೊಬ್ಬಳು, ಎಲ್ಲರೊಡನೆ ಪಾಠ ಒದರುವವಳು, ಒಬ್ಬಳನ್ನೇ ಓದಿಸಿದರೆ ಮೂಕಿ. ಅವಳ ಅಪ್ಪ ಬಂದು ಹೇಳಿ ಹೋಗಿದ್ದ: “ಮೂರು ವರ್ಸಾತ್ರಿ, ಒಂದ್ ಸಾಲು ಓದಾಕ ಬರವಲ್ದು. ಮನ್ಯಾಗ ಕೂಸಿನ್ನ ಹಿಡಿಯಾಕ ಮಂದಿ ಇಲ್ಲ. ದೀಪಾವಳಿ ಸೂಟಿಗೆ ಬಿಡಿಸಿಬಿಡ್ತೇನ್ರಿ.”

ನಮ್ಮವರಿಗೆ ಊಟ ರುಚಿಸದಾಯಿತು. ಕೊನೆಗೆ ಒಂದು ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದು, ಗಡಿಭಾಗದ ಗುಂಪಿಗೆ ಹುಡುಗಿಯ ಖಾಲಿ ಪಾಟಿಯ, ಅಂದರೆ ಸ್ಲೇಟಿನ, ಫೋಟೋ ಹಾಕಿ, ಈ ಮಗುವಿಗೆ ಓದು ಕಲಿಸುವುದು ಹೇಗೆ, ದಯಮಾಡಿ ತಿಳಿಸಿ ಎಂದು ಬರೆದರು. ಕಳಿಸುವ ಮೊದಲು ನನಗೊಮ್ಮೆ ಓದಿ ಹೇಳಿದರು.

ಉತ್ತರಗಳು ಕೂಡಲೇ ಬಂದವು. ಅಭಿನಂದನೆಗಳು ಸರ್. ಸುಂದರ ಹಸ್ತಾಕ್ಷರ. ಸ್ತುತ್ಯ ಉಪಕ್ರಮ. ಒಬ್ಬರು ಮಗುವಿಗೆ ಹುಟ್ಟುಹಬ್ಬದ ಶುಭಾಶಯ ಕೋರಿ ಕೇಕಿನ ಚಿತ್ರ ಕಳಿಸಿದ್ದರು.

“ಪಾಟ್ಯಾಗ ಅಕ್ಷರ ಎಲ್ಲೈತಿ?” ಎಂದು ಇವರು ಫೋನನ್ನೇ ಕೇಳಿ, ಬರೆದದ್ದನ್ನು ಅಳಿಸಿ, ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಬೋರಲಾಗಿ ಇಟ್ಟರು.

ಸಂಜೆ ಫೋನು ಬಂತು; ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು. ಅದೇ ಗುಂಪಿನಲ್ಲಿದ್ದ, ಗಡಹಿಂಗ್ಲಜ ಕಡೆಯ ಹಳ್ಳಿಯೊಂದರ ಶಾಲೆಯ ಅಕ್ಕೋರು.

“ಸರ್, ಅಳಿಸಿದ್ರಲ್ರಿ, ಅದರಕಿಂತ ಮೊದಲ ನಾ ಓದಿದ್ದೆ. ಹಿಂಗ ನನ್ನ ವರ್ಗದಾಗ ಅಷ್ಟ ಆಗತೈತಿ ಅಂತ ತಿಳಕೊಂಡಿದ್ದೆ ನೋಡ್ರಿ.”

“ನಾನೂ ಹಂಗ ತಿಳಕೊಂಡಿದ್ದೆರೀ,” ಎಂದರು ಇವರು. ನಿರಾಳವಾಗಿ ಬಿಟ್ಟ ಉಸಿರು ಅಡುಗೆಮನೆಯವರೆಗೂ ಕೇಳಿಸಿತು.

“ಪುಸ್ತಕ ಮುಚ್ಚಿ ಇಡ್ರಿ ಸರ್. ಆಕಿ ಮನಿ ಸುದ್ದಿ ಹೇಳಲಿ, ನೀವು ಆಕಿ ಹೇಳಿದ್ಹಂಗ ಬರೀರಿ, ತಿದ್ದಬ್ಯಾಡ್ರಿ. ತನ್ನ ಮಾತು ತಾನ ಓದಲಿ. ನಮ್ಮಲ್ಲಿ ಕುರಿ ಕಾಯೋರ ಮಕ್ಕಳು ಹಂಗ ಕಲ್ತಾವ.”

ತಿದ್ದದೆ ಬರೆಯುವುದು ಇವರಿಗೆ ಬಲು ಕಷ್ಟವಾಯಿತೆಂದು ಕಾಣುತ್ತದೆ. ತಿದ್ದಿ, ಮತ್ತೆ ಅಳಿಸಿ, ದಿನವೂ ಅಂಗಿಯ ತೋಳಿನ ತುಂಬ ಸೀಮೆಸುಣ್ಣದ ಪುಡಿ.

ಸೂಟಿಯ ಮುಂಚಿನ ವಾರ ನಾನು ಬುತ್ತಿ ಕೊಡಲು ಹೋದಾಗ ಹುಡುಗಿಯ ಅಪ್ಪ ಅವಳನ್ನು ಶಾಲೆ ಬಿಡಿಸಲು ಬಂದು ನಿಂತಿದ್ದ, ಕೂದಲಲ್ಲಿ ಹತ್ತಿಯ ಎಳೆಗಳು. ಮಗಳು ಪಾಟಿ ಹಿಡಿದು, ಬೆರಳಿಟ್ಟು, ಓದಿದಳು: “ನಮ್ಮಪ್ಪ ಮಗ್ಗದ ಮುಂದ ನಿಂತ ಚಾ ಕುಡೀತಾನ. ಕುಂದರಾಕ ಯಾಳೆ ಇಲ್ಲ.”

ಅವನು ಬಗ್ಗಿ ಪಾಟಿಯನ್ನು ನೋಡಿದ.

“ಇದು ಪುಸ್ತಕದಾಗ ಐತೇನ್ರಿ?”

“ಇಲ್ರಿ. ಆಕೀನ ಹೇಳಿದ್ದು,” ಎಂದರು ನಮ್ಮವರು.

“ಸಾಲ್ಯಾಗ ಇರಲಿ ಬಿಡ್ರಿ. ಕೂಸಿನ್ನ ಹಿಡಿಯಾಕ ನಮ್ಮವ್ವನ್ನ ಕರಸ್ತೇನಿ,” ಎಂದು ಹೊರಟ.

ಆ ಪಾಟಿಯ ಫೋಟೋ ಗುಂಪಿನಲ್ಲಿ ಹಾಕಿದ್ದರೆ ಆ ದಿನ ಎಷ್ಟು ಹೂವು ಬರುತ್ತಿದ್ದವೋ. ಇವರು ಹಾಕಲಿಲ್ಲ. ಬುತ್ತಿ ಬಿಚ್ಚುವ ಮೊದಲೇ ಗಡಹಿಂಗ್ಲಜಕ್ಕೆ ಫೋನು ಹಚ್ಚಿ ಕೇಳಿದರು: “ಅಕ್ಕೋರ, ಸಾಲ್ಯಾಗ ಉಳದಳ್ರಿ ಹುಡುಗಿ. ಇನ್ನ ಮುಚ್ಚಿಟ್ಟ ಪುಸ್ತಕ ಹೆಂಗ ತಗಸೂದು, ಹೇಳ್ರಿ.”