ಬೇಡವೆಂದ ಕೋಣೆ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವುದೋ ಕಾಲದಲ್ಲಿ ಜಾಕಿನಡಿ ಸಿಕ್ಕಿ ಹೋದದ್ದಂತೆ. ತುದಿ ಚಪ್ಪಟೆಯಾಗಿ, ಐಸ್‌ಕ್ರೀಮ್ ಕಡ್ಡಿಯ ಹಾಗೆ ಕಾಣುತ್ತಿತ್ತು. ಹಳೆಯ ಕ್ಯಾರವಾನಿನೊಳಗೆ ಹೊಕ್ಕರೆ ಆ ಬೆರಳಿನಿಂದಲೇ ಒತ್ತಿ ನೋಡುತ್ತಿದ್ದರು. ಮೊದಲು ಛಾವಣಿಯ ನಾಲ್ಕು ಮೂಲೆ, ಆಮೇಲೆ ಕಿಟಕಿಯ ಕೆಳಗೆ, ಕೊನೆಗೆ ಬಚ್ಚಲಿನ ನೆಲ. ಹಲಗೆ ಎಲ್ಲಾದರೂ ಮೆತ್ತಗಾಗಿದ್ದರೆ, "ಇದು ನೀರು ಕುಡಿದಿದೆ. ಪೇಂಟು ನೋಡಿ ಮರುಳಾಗ್ಬೇಡ," ಎಂದು ಹೊರಗೆ ಬಂದುಬಿಡುತ್ತಿದ್ದರು.

ಗಲ್ಫಿನಲ್ಲಿ, ಇಂಡಸ್ಟ್ರಿಯಲ್ ಏರಿಯಾದ ನಮ್ಮ ಗ್ಯಾರೇಜಿನಲ್ಲಿ ಅವರು ಫೋರ್ಮನ್. ಬಂಟ್ವಾಳದ ಕಡೆಯ ಬ್ಯಾರಿ. ನಾವೆಲ್ಲ ಕಾಕ ಎನ್ನುತ್ತಿದ್ದೆವು. ನಾನು ಅಲ್ಲಿಯ ಟೈಮ್‌ಕೀಪರ್, ಅಂದರೆ ಬೇರೆಯವರು ಕೆಲಸ ಮಾಡಿದ್ದನ್ನು ಬರೆದುಕೊಂಡು ಸಂಬಳ ತೆಗೆದುಕೊಳ್ಳುವವನು. ಉಳಿದ ಹೊತ್ತಿನಲ್ಲಿ ಎಲ್ಲರ ದನಿ ತೆಗೆದು ಅಣಕಿಸುತ್ತಿದ್ದೆ: ನಮ್ಮ ಧಣಿ ಅರ್ಬಾಬ್ ಫೋನಿನಲ್ಲಿ ಸಿಟ್ಟಾಗುವುದು, ಮಲಯಾಳಿ ಅಕೌಂಟೆಂಟು ಸಮಾಧಾನ ಮಾಡುವುದು, ರಜೆ ಕೇಳುವಾಗ ನನ್ನದೇ ಬಾಲ ಅಲ್ಲಾಡುವುದು. ಒಂದು ದಿನ ಕಾಕನ ಕೆಮ್ಮು ಮಾಡಿ ತೋರಿಸುತ್ತಿದ್ದೆ. ಹುಡುಗರ ನಗು ತಟ್ಟನೆ ನಿಂತಿತು. ತಿರುಗಿದರೆ ಬಾಗಿಲಲ್ಲಿ ಕಾಕ.

"ಮೂರನೆಯದ್ದು ಸರಿಯಾಗ್ಲಿಲ್ಲ," ಅಂದರು. "ಅದು ಇನ್ನೂ ಉದ್ದ ಉಂಟು."

ತೋರಿಸಲು ಹೋದರು. ನಿಜವಾದದ್ದೇ ಬಂತು, ಬೇಗ ನಿಲ್ಲಲಿಲ್ಲ. ನಾನು ನೀರು ತಂದುಕೊಟ್ಟೆ.

"ಅರ್ಬಾಬ್‌ನ ಎದುರು ಮಾತ್ರ ಇದನ್ನು ಮಾಡ್ಬೇಡ ಮಾರಾಯ. ನನಗೆ ಅರವತ್ತು ದಾಟಿತು. ಎದೆ ಸರಿ ಇಲ್ಲ ಅಂತ ಗೊತ್ತಾದ್ರೆ ಖಲಾಸ್, ಟಿಕೆಟ್ ಕೈಗೆ ಬರ್ತದೆ."

"ಬರ್ಲಿ ಬಿಡಿ. ಊರಲ್ಲಿ ಮನೆ ಉಂಟು, ಮಕ್ಕಳುಂಟು."

"ನಾನು ಹೋದ್ರೆ ಹೊಸ ಬೆಡ್‌ಶೀಟ್ ಹಾಕ್ತಾರೆ, ಗೊತ್ತುಂಟಾ? ಎಂಟು ದಿನ ಆಗುವಾಗ ಮೊಮ್ಮಗ ಕೇಳ್ತಾನೆ, ಯಾವಾಗ ಫ್ಲೈಟ್ ಅಂತ."

ಚಳಿಗಾಲ ಬಂದರೆ ಅರ್ಬಾಬ್‌ನ ಕುಟುಂಬ ಮೆಸಯೀದ್ ಪಟ್ಟಣದ ಆಚೆಯ ಮರಳಿನಲ್ಲಿ ಕ್ಯಾಂಪ್ ಹಾಕುತ್ತದೆ. ಅವರು ಬರುವುದು ಶುಕ್ರವಾರ, ಶನಿವಾರ. ಮಿಕ್ಕ ಐದು ದಿನ ಜನರೇಟರು, ನೀರಿನ ಟ್ಯಾಂಕು ನೋಡಿಕೊಂಡು ಅಲ್ಲೇ ಇರಲು ಒಬ್ಬರು ಬೇಕು. ಗ್ಯಾರೇಜಿನ ಭಾರದ ಕೆಲಸ ಆಗದ ಮೇಲೆ ಆ ಒಬ್ಬರು ಕಾಕ. ಮಲಗುವುದು ಟೆಂಟಿನಲ್ಲಿ. ಸಮುದ್ರದ ಗಾಳಿ ಬಟ್ಟೆಯ ಸಂದಿಯಿಂದ ನೇರ ಎದೆಗೇ ಬರುತ್ತದೆ ಎನ್ನುತ್ತಿದ್ದರು.

ಆ ವರ್ಷ ಅರ್ಬಾಬ್ ಮಕ್ಕಳಿಗಾಗಿ ಹಳೆಯ ಕ್ಯಾರವಾನ್ ಒಂದನ್ನು, ಅದನ್ನು ಎಳೆಯಲು ಹಳೆಯ ಪಿಕಪ್ ಒಂದನ್ನು ಕೊಳ್ಳಲು ಹೊರಟರು. ಆರಿಸುವವರು ಕಾಕ, ಕಾರು ಓಡಿಸುವವನು ನಾನು. ದಾರಿಯಲ್ಲಿ ಕಾಕ ನನ್ನ ಹತ್ತಿರ ಮಾತ್ರ ಹೇಳಿದರು: "ಹಿಂದೆ ಒಂದು ಸಣ್ಣ ಕೋಣೆ ಇರುವಂಥದ್ದು ಸಿಕ್ಕಿದ್ರೆ ಒಳ್ಳೆದಿತ್ತು. ಕೇಳದೇ ನನಗೂ ಮಲಗ್ಲಿಕ್ಕೆ ಆಗ್ತಿತ್ತು."

ಬೇಕಾಗಿದ್ದದ್ದು ಫಿಫ್ತ್ ವೀಲ್ ಎನ್ನುವ ಜಾತಿಯದು. ಅದರ ಕತ್ತು ಪಿಕಪ್ಪಿನ ಹಿಂದಿನ ತೊಟ್ಟಿಯ ಮೇಲೆ ಬಂದು ಅಲ್ಲೇ ಕೊಂಡಿಯಾಗುತ್ತದೆ. ಓಲಾಟ ಕಡಿಮೆ, ಆದರೆ ಮುಂಭಾಗದ ಭಾರವೆಲ್ಲ ಪಿಕಪ್ಪಿನ ಬೆನ್ನ ಮೇಲೆ. ಹಳೆಯ ಗಾಡಿ ಮಾರುವ ಯಾರ್ಡಿನಲ್ಲಿ ಕಾಕನ ಹೆಬ್ಬೆರಳು ಐದನ್ನು ಬೇಡವೆಂದಿತು. ಆರನೆಯದು ದೊಡ್ಡದು, ಮೂಲೆಗಳೆಲ್ಲ ಗಟ್ಟಿ. ಹಿಂಬದಿಗೆ ಬೇರೆಯೇ ಬಾಗಿಲಿನ ಒಂದು ಕೋಣೆ: ಒಂದು ಮಂಚ, ಗೋಡೆಯಲ್ಲಿ ಹೀಟರ್. ಕಾಕ ಒಳಗೆ ಹೋಗಿ ಬಾಗಿಲೆಳೆದುಕೊಂಡರು. ಎಷ್ಟು ಹೊತ್ತಾದರೂ ಬರಲಿಲ್ಲ. ಇಣುಕಿದರೆ ಮಂಚದ ಮೇಲೆ ಮಲಗಿದ್ದರು, ಚಪ್ಪಲಿ ಬಿಚ್ಚಿಟ್ಟು.

ಆಮೇಲೆ ಪಿಕಪ್. ಇದ್ದದ್ದು ಎರಡೇ. ಹಿಂದೆ ನಾಲ್ಕು ಟೈರಿನದು ಆ ದೊಡ್ಡ ಕ್ಯಾರವಾನನ್ನು ಹೊರುತ್ತಿತ್ತು. ಆದರೆ ಕಾಕ ಅದರಡಿ ಮಲಗಿ, ಛಾಸಿಯ ಕಪ್ಪು ಬಣ್ಣ ಕೆರೆದು, ಬಿರುಕಿಗೆ ವೆಲ್ಡ್ ಹಾಕಿದ್ದನ್ನು ಹಿಡಿದರು. ಇನ್ನೊಂದು ಹಿಂದೆ ಎರಡೇ ಟೈರಿನದು. ಛಾಸಿ ಗಟ್ಟಿ. ಅದರ ಡ್ರೈವರ್ ಬಾಗಿಲಿನ ಒಳಗೆ ಎಷ್ಟು ಭಾರ ಹೊರಬಹುದೆಂಬ ಸ್ಟಿಕ್ಕರ್ ಇತ್ತು. ಕಾಕ ಧೂಳು ಒರೆಸಿ ಓದಿದರು. ದೊಡ್ಡ ಕ್ಯಾರವಾನಿನ ಕತ್ತನ್ನು ಯಾರ್ಡಿನವರ ಹತ್ತಿರ ತೂಗಿಸಿದರು. ಹೆಚ್ಚಾಯಿತು.

"ಸ್ವಲ್ಪ ಅಲ್ವಾ ಕಾಕ," ಎಂದೆ. "ಯಾರು ತೂಕ ನೋಡ್ತಾರೆ? ಸರಿ ಉಂಟು ಅಂತ ಹೇಳಿ, ಕೋಣೆ ನಿಮ್ಮದು."

"ಎಳ್ಕೊಂಡು ಹೋಗುವ ದಿನ ಅರ್ಬಾಬ್‌ನ ಮೂರು ಮಕ್ಕಳೂ ಕ್ಯಾರವಾನಿನೊಳಗೇ ಕೂತ್ಕೊಳ್ತವೆ. ಬೇಡ ಅಂದ್ರೂ ಕೇಳುದಿಲ್ಲ."

"ಹಾಗಾದ್ರೆ ಬೇರೆ ಪಿಕಪ್ ಹುಡುಕುವ."

"ಕ್ಯಾಂಪಿನ ಪರ್ಮಿಟ್ ಬಂದಾಯ್ತು. ಬರುವ ವಾರ ಹೊರಡ್ತಾರೆ."

ಅಷ್ಟರಲ್ಲಿ ಅರ್ಬಾಬ್ ಬಂದರು. ದೊಡ್ಡದರ ಸುತ್ತ ಒಂದು ಸುತ್ತು ಹಾಕಿ, ಇದು ಹೇಗೆ ಎಂಬಂತೆ ಕಾಕನನ್ನು ನೋಡಿದರು. ಕಾಕ ಒಂದು ಗಳಿಗೆ ಆ ಹಿಂದಿನ ಬಾಗಿಲಿನ ಕಡೆ ನೋಡಿ, ಅರಬ್ಬಿಯಲ್ಲಿ ಬೇಡವೆಂದರು: "ಮಾಫಿ." ಕೈ ತೋರಿಸಿದ್ದು ಆಚೆಯ ಏಳನೆಯದಕ್ಕೆ, ಗಟ್ಟಿಯಾದ ಸಣ್ಣ ಕ್ಯಾರವಾನಿಗೆ. ಅದರಲ್ಲಿ ಹಿಂದಿನ ಕೋಣೆ ಇರಲಿಲ್ಲ. ಅರ್ಬಾಬ್ ಅವರ ಹೆಗಲು ತಟ್ಟಿ, "ಯಲ್ಲಾ," ಎಂದು ಹೊರಟರು. ಇಡೀ ಗ್ಯಾರೇಜಿನ ದನಿಗಳನ್ನು ಬಾಯಲ್ಲಿಟ್ಟುಕೊಂಡಿದ್ದ ನಾನು ಆ ಹೊತ್ತಿಗೆ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದೆ.

ಆ ಚಳಿಗಾಲವೆಲ್ಲ ಸಂಜೆಯ ನಮಾಜು ಮುಗಿಸಿ ಕಾಕ ಫೋನ್ ಮಾಡುತ್ತಿದ್ದರು. ಹೇಗಿದ್ದಿ, ಊಟ ಆಯ್ತಾ, ಒಂದೂ ಇಲ್ಲ. "ಇವತ್ತು ಯಾರನ್ನು ಮಾಡ್ತಿ?" ಅಷ್ಟೇ. ನಾನು ಅಕೌಂಟೆಂಟನ್ನು ಮಾಡುತ್ತಿದ್ದೆ, ಕ್ಯಾಂಟೀನಿನವನನ್ನು ಮಾಡುತ್ತಿದ್ದೆ. ಆ ಕಡೆ ನಗು ಕೇಳುತ್ತಿರಲಿಲ್ಲ. ಜನರೇಟರಿನ ಗುರುಗುರು, ಟೆಂಟಿನ ಬಟ್ಟೆ ಬಡಿಯುವುದು, ಆಮೇಲೆ "ಇನ್ನೊಬ್ಬರನ್ನು ಮಾಡು." ಒಂದು ಬುಧವಾರ ನನ್ನ ಸರಕು ಮುಗಿದಿತ್ತು.

"ನಿಮ್ಮನ್ನೇ ಮಾಡ್ಲಾ ಕಾಕ?"

"ಬೇಡ. ಇಲ್ಲಿ ಅವನೊಬ್ಬನೇ ಇರುದು. ಸಾಕಾಗಿದೆ ಅವನ ಸಂಗ."

ನಾನು ಜೋರಾಗಿ ನಕ್ಕೆ. ಅವರು ಫೋನ್ ಇಟ್ಟುಬಿಟ್ಟರು.

ಕ್ಯಾಂಪ್ ಎತ್ತುವ ಮೊದಲೇ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿಂದ ಊರಿಗೆ. ತಿಂಗಳಾಗುವುದರೊಳಗೆ ತೀರಿಹೋದರು ಎಂದು ಅವರ ಮಗ ಫೋನ್ ಮಾಡಿದ. ಸುದ್ದಿ ಮುಟ್ಟಿಸಲು ಅರ್ಬಾಬ್‌ನ ಮನೆಗೆ ಹೋದಾಗ ಎಲ್ಲವನ್ನೂ ಹೇಳಿದೆ: ಕೆಮ್ಮು, ಟೆಂಟು, ಹೀಟರಿದ್ದ ಕೋಣೆ, ತೂಕ. ಅರ್ಬಾಬ್, "ಲೇಶ್ ಮಾ ಗಾಲ್?" ಎಂದರು. ಯಾಕೆ ಹೇಳಲಿಲ್ಲ ಅವರು? ಕೇಳಿದ್ದು ಕಾಕನ ವಿಚಾರ. ಉತ್ತರ ಕೊಡಬೇಕಾದವನು ನಾನಾಗಿದ್ದೆ.

ಈ ವರ್ಷ ಟೆಂಟು ಇದ್ದ ಜಾಗಕ್ಕೆ ಅರ್ಬಾಬ್ ಒಂದು ಪೋರ್ಟಾಕ್ಯಾಬಿನ್ ತರಿಸಿದ್ದಾರೆ. ಗೋಡೆ ಗಟ್ಟಿ, ಹೀಟರ್ ಉಂಟು. ಐದು ದಿನದ ಕೆಲಸವನ್ನು ನಾನೇ ಕೇಳಿ ಹಾಕಿಸಿಕೊಂಡೆ. ಶನಿವಾರ ಸಂಜೆ ಪಿಕಪ್ ಹೊರಡುವಾಗ ಹಿಂದಿನ ಸೀಟಿನಿಂದ ಮೂರು ಮಕ್ಕಳೂ ಕೈ ಬೀಸುತ್ತವೆ. ಮರಳಿನ ದಿಬ್ಬ ದಾಟುವ ತನಕ ನಾನೂ ಬೀಸುತ್ತೇನೆ. ಆಮೇಲೆ ಒಳಗೆ ಬಂದು, ಕಾಕನಿಗೆ ಸೇರಬೇಕಿದ್ದ ಬೆಚ್ಚನೆಯ ಕೋಣೆಯಲ್ಲಿ ಮಲಗುತ್ತೇನೆ.