ಗುರುಸ್ವಾಮಿ ಮೇಷ್ಟ್ರ ಹೆಸರಿನಲ್ಲಿದ್ದ ಪಾಸ್‌ವರ್ಡ್

ಕಂಪ್ಯೂಟರಿನಲ್ಲಿರುವ ಪುಸ್ತಕವನ್ನು ಒಬ್ಬರು ಓದಿದರೆ ಇನ್ನೊಬ್ಬರಿಗೆ ಕಡಿಮೆಯಾಗುವುದಿಲ್ಲ. ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುವ ಗುರುಸ್ವಾಮಿಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ಇಪ್ಪತ್ತೆರಡು ವರ್ಷ ಒಂದೇ ನೋಟ್ಸ್ ಬರೆಸಿ ದೊಡ್ಡ ಮೇಷ್ಟ್ರು ಎನಿಸಿಕೊಂಡವರು.

೨೦೦೯ರಲ್ಲಿ ಕಾಲೇಜಿನ ಲೈಬ್ರರಿಗೆ ಇ-ಪುಸ್ತಕಗಳು ಬಂದವು. ಅವನ್ನು ತೆರೆಯಲು ಇಡೀ ಕಾಲೇಜಿಗೆ ಒಂದೇ ಪಾಸ್‌ವರ್ಡ್. ಚಾಮರಾಜನಗರದಿಂದ ಬಸ್ಸಿನಲ್ಲಿ ಬರುತ್ತಿದ್ದ, ಅದೇ ವಿಷಯದ ಅತಿಥಿ ಉಪನ್ಯಾಸಕಿ ರಂಜಿನಿ ಆ ಪುಸ್ತಕಗಳನ್ನು ಓದಿ ಪಾಠ ಮಾಡತೊಡಗಿದರು. ಮೇಷ್ಟ್ರ ತರಗತಿ ತಪ್ಪಿಸಿದ ಹುಡುಗರು ರಂಜಿನಿಯವರ ಕಿಟಕಿಗೆ ಆತು ನಿಂತು ಕೇಳುತ್ತಿದ್ದರು. ಅದನ್ನು ಕಂಡು ಮೇಷ್ಟ್ರ ಹೊಟ್ಟೆ ಉರಿಯಿತು.

ಆ ಲೈಬ್ರರಿಯಲ್ಲಿ ಏನು ಕೊಟ್ಟರೂ ರಿಜಿಸ್ಟರಿನಲ್ಲಿ ಬರೆದೇ ಕೊಡುವ ಪದ್ಧತಿ; ಅದು ವಾಪಸ್ ಬರುವವರೆಗೆ ಇನ್ನೊಬ್ಬರಿಗೆ ಕೊಡುವಂತಿಲ್ಲ. ಪಾಸ್‌ವರ್ಡ್ ಬದಲಾದಾಗ ಲೈಬ್ರರಿಯ ನೀಲಕಂಠಸ್ವಾಮಿ ಹೊಸ ಪಾಸ್‌ವರ್ಡಿನ ಚೀಟಿಯನ್ನೂ ಪುಸ್ತಕದಂತೆಯೇ ರಿಜಿಸ್ಟರಿನಲ್ಲಿ ಬರೆದು, ಮೊದಲು ಬಂದ ಮೇಷ್ಟ್ರಿಗೆ ಕೊಟ್ಟರು. ಮೇಷ್ಟ್ರು ಅದನ್ನು ಹದಿನೈದು ದಿನಕ್ಕೊಮ್ಮೆ ತಪ್ಪದೆ ರಿನ್ಯೂ ಮಾಡಿಸಿದರು.

"ಸಾರ್, ಪರೀಕ್ಷೆ ಹತ್ರ ಬಂತು. ಚೀಟಿ ಕೊಡಿ," ಎಂದರು ರಂಜಿನಿ.

"ನನ್ನೆಸ್ರಲ್ಲಿ ಅದೆ ಕಣಮ್ಮ. ಓದ್ಬುಟ್ಟು ಕೊಡ್ತೀನಿ."

"ನೀವು ಕಂಪ್ಯೂಟ್ರು ಮುಂದೆ ಕೂತಿದ್ದೇ ಯಾರೂ ನೋಡಿಲ್ವಲ್ಲ ಸಾರ್!"

"ನೀ ಬರಕ್ಮುಂಚೆ ಈ ಹುಡುಗ್ರು ಪಾಸಾಗ್ತಿರ್ನಿಲ್ವಾ? ಓಗಮ್ಮ, ಓಗು."

ವರ್ಷ ಮುಗಿಯುವವರೆಗೂ ಚೀಟಿ ಅವರ ಜೇಬು ಬಿಡಲಿಲ್ಲ. ರಂಜಿನಿ ಕೊನೆಗೆ ಮೇಷ್ಟ್ರ ಹಳೆಯ ನೋಟ್ಸನ್ನೇ ಬರೆಸಿದರು. ಕಿಟಕಿಯ ಬಳಿ ಯಾರೂ ನಿಲ್ಲಲಿಲ್ಲ. ಮೇಷ್ಟ್ರಿಗೆ ಸಮಾಧಾನವಾಯಿತು. ಹುಡುಗರಿಗೆ ಏನಾಯಿತೆಂದು ಯಾರೂ ಕೇಳಲಿಲ್ಲ, ಅವರ ಅಪ್ಪ ಅಮ್ಮಂದಿರೂ ಕೇಳಲಿಲ್ಲ.

ನಿಮ್ಮ ಮಕ್ಕಳ ಕಾಲೇಜಿನ ಲೈಬ್ರರಿಗೆ ನಾಳೆಯೇ ಹೋಗಿ. ಪಾಸ್‌ವರ್ಡನ್ನು ನೋಟಿಸ್ ಬೋರ್ಡಿಗೆ ಹಾಕುವವರೆಗೆ ಅಲ್ಲಿಂದ ಏಳಬೇಡಿ.