ವಿಷ ಇಲ್ರಿ, ಎಣ್ಣಿ ಐತ್ರಿ

ವಿಷದ ಕಸ ಮಣ್ಣನ್ನೂ ನೀರನ್ನೂ ಹೇಗೆ ಕೆಡಿಸುತ್ತದೆ ಎಂದು ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಗೆ ತೋರಿಸುವುದು ನನ್ನ ಕೆಲಸ. ಹಿರೇಕೆರೂರು ಕಡೆಯ ಒಂದು ಶಾಲೆಯಲ್ಲಿ ಅವತ್ತು ತೂತಿನ ಬಕೆಟ್ಟಿಗೆ ಮಣ್ಣು ತುಂಬಿ, ಮೇಲೆ ನೀಲಿ ಶಾಯಿ ಸುರಿದು, ನೀರು ಹಾಕಿದೆ. ಕೆಳಗೆ ನೀಲಿ ನೀರು ತೊಟ್ಟಿಕ್ಕಿತು. ಮಕ್ಕಳು ಹೋ ಎಂದರು. ವಿಷ, ವಿಷ ಎಂದು ಕೂಗಿ ಕೂಗಿ ನನ್ನ ಗಂಟಲು ಒಣಗಿತ್ತು. ಮುಂದೆ ಕೂತಿದ್ದ ರೇಣುಕಾ ಮೂಲೆಯ ಬಿಳಿ ಕ್ಯಾನಿನಿಂದ ಒಂದು ಲೋಟ ನೀರು ತಂದುಕೊಟ್ಟಳು. ಗಟಗಟ ಕುಡಿದೆ.

“ನಿಮ್ಮ ಮನ್ಯಾಗ ವಿಷ ಎಲ್ಲಿಡ್ತೀರಿ?” ಎಂದು ಕೇಳಿದೆ.

“ನಮ್ಮನ್ಯಾಗ ವಿಷ ಇಲ್ರಿ ಅಕ್ಕೋರ,” ಎಂದಳು ರೇಣುಕಾ. ಯಾರ ಮನೆಯಲ್ಲೂ ಇಲ್ಲವಂತೆ.

“ಮತ್ತ ಗೋವಿನಜೋಳಕ್ಕ ಹುಳ ಬಿದ್ರ ಏನ್ ಹೊಡೀತೀರಿ?”

“ಎಣ್ಣಿ ಹೊಡೀತೇವ್ರಿ!” ಇಡೀ ಕೋಣೆ ಕೂಗಿತು.

“ಅಯ್ಯೋ, ಆ ಎಣ್ಣಿ ಅಂದ್ರನ ವಿಷ! ಖಾಲಿಯಾದ ಕ್ಯಾನ್ ಏನ್ ಮಾಡ್ತೀರಿ?”

ರೇಣುಕಾ ಮೂಲೆಗೆ ಕೈ ತೋರಿಸಿದಳು. “ನೀರು ತುಂಬಿಡ್ತೇವ್ರಿ. ಆ ಕ್ಯಾನ್ ನಮ್ಮಪ್ಪ ಈ ಸಾಲಿಗೆ ಕೊಟ್ಟಾನ್ರಿ.”

ಕೈಯಲ್ಲಿದ್ದ ಲೋಟವನ್ನು ಮೂಸಿ ನೋಡಿದೆ. “ತೊಳದೀರಿಲ್ಲೋ?”

“ಕೆರ್‍ಯಾಗ ಅದ್ದಿ ಅದ್ದಿ ತೊಳದೇವ್ರಿ. ನೀರು ಹಾಲಿನಂಗ ಬೆಳ್ಳಗಾಗೋದು ನಿಲ್ಲೂತನಕ ತೊಳದೇವ್ರಿ.”

“ಈ ನೀರು ಎಲ್ಲೀದವ್ವಾ?”

“ಅದ ಕೆರೀದ್ರಿ.”

ಗಂಟಲು ಮತ್ತೆ ಒಣಗಿತು. ನನ್ನ ಮುಖ ನೋಡಿ ಗಾಬರಿಯಾದ ರೇಣುಕಾ, ಪಾಪ, ಓಡಿಹೋಗಿ ಅದೇ ಕ್ಯಾನು ಬಗ್ಗಿಸಿ ಇನ್ನೊಂದು ಲೋಟ ತುಂಬಿ ತಂದಳು.

“ಕುಡೀರಿ ಅಕ್ಕೋರ. ವಿಷ ಅಲ್ರಿ, ಬರೇ ನೀರ್‍ರಿ.”